ಉಕ್ಕಿನ ಮೇಲಿನ ಶಾಸನವನ್ನು ಅಳಿಸುವವರಿಗೆ

ಪುಣೆಯಲ್ಲಿ ನೆಲೆಸಿದ ನಮ್ಮವರಿಗೆ ಯುದ್ಧದ ಟ್ಯಾಂಕು ಅಪರೂಪದ ವಸ್ತುವೇನಲ್ಲ. ಖಡ್ಕಿಯಿಂದ ಘೋರ್ಪಡಿಯವರೆಗೆ ದಂಡಿನ ಬೀದಿಗಳಲ್ಲಿ ಹಾದುಹೋಗುವವನಿಗೆ ಯಾವುದಾದರೊಂದು ದ್ವಾರದ ಬದಿಯಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ, ತೋಪಿನ ಕೊಳವೆಯನ್ನೆತ್ತಿ ನಿಂತ ಉಕ್ಕಿನ ಪ್ರಾಣಿಯೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಊರಿನಿಂದ ಬಂದ ನೆಂಟರಿಗೆ ಅದನ್ನು ತೋರಿಸುತ್ತೇವೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಚಿತ್ರ ತೆಗೆಯುತ್ತೇವೆ. ಅದು ಯಾವ ಯುದ್ಧದ್ದು, ಗೆದ್ದವರದೋ ಸೋತವರದೋ, ಅದರೊಳಗಿದ್ದವರು ಬದುಕಿದರೋ ಸತ್ತರೋ ಎಂದು ಕೇಳುವವರು ವಿರಳ. ಕೇಳಿದರೆ ಉತ್ತರ ಹೇಳಬಲ್ಲ ಸಾಕ್ಷಿಯೆಂದು ಅಲ್ಲಿ ಉಳಿದಿರುವುದು ಆ ಟ್ಯಾಂಕಿನ ಮೈ ಒಂದೇ. ಆ ಮೈಗೆ ಗಣರಾಜ್ಯ ದಿನಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ಎಣ್ಣೆಬಣ್ಣ ಬಳಿದು ಅದರ ಬಾಯಿ ಮುಚ್ಚಿಸಲಾಗುತ್ತದೆ.

ಈ ಬಣ್ಣವನ್ನು ನಾನು ವಿರೋಧಿಸುತ್ತೇನೆ. ಬಣ್ಣಕ್ಕಿಂತಲೂ ಹೆಚ್ಚಾಗಿ, ಬಣ್ಣ ಬಳಿಯುವ ಮುನ್ನ ಗುಂಡಿನ ತೂತುಗಳಿಗೆ ತುಂಬುವ ಪುಟ್ಟಿಯನ್ನು, ಸೀಳಿದ ತಗಡನ್ನು ಬಡಿದು ಸಮಮಾಡುವ ಸುತ್ತಿಗೆಯನ್ನು, ಸುಟ್ಟ ಕಲೆಯನ್ನು ಉಜ್ಜಿ ತೆಗೆಯುವ ಗ್ರೈಂಡರನ್ನು ವಿರೋಧಿಸುತ್ತೇನೆ. ರಕ್ಷಣೆಯೆಂದು ನಾವು ಕರೆಯುತ್ತಿರುವ ಈ ಕೆಲಸ ವಾಸ್ತವವಾಗಿ ಸಾಕ್ಷ್ಯನಾಶವೆಂಬುದನ್ನು ಈ ಪುಟಗಳಲ್ಲಿ ಬಿಚ್ಚಿ ಹೇಳಬೇಕೆಂದಿದ್ದೇನೆ.

ಹೇಳುವ ಅಧಿಕಾರವೇನೆಂದು ಕೇಳುವವರಿದ್ದಾರೆ. ನಾನು ಸೈನಿಕನಲ್ಲ, ಇತಿಹಾಸದ ಪ್ರಾಧ್ಯಾಪಕನೂ ಅಲ್ಲ. ಹುನಗುಂದದ ಕಡೆಯಿಂದ ಬಂದು ಪಿಂಪ್ರಿಯ ಕಾರಖಾನೆಯೊಂದರಲ್ಲಿ ಮೂವತ್ತು ವರ್ಷ ಲೋಹಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ಮುರಿದ ಅಚ್ಚು, ಸೀಳಿದ ಗೇರು, ಸಿಡಿದ ಬಾಯ್ಲರಿನ ತಗಡುಗಳನ್ನು ಮೇಜಿನ ಮೇಲಿಟ್ಟುಕೊಂಡು, ಅದು ಹೇಗೆ ಮುರಿಯಿತು, ಯಾವ ದಿಕ್ಕಿನಿಂದ ಹೊಡೆತ ಬಿತ್ತು, ಮುರಿಯುವ ಮುನ್ನ ಕಾದಿತ್ತೋ ತಣ್ಣಗಿತ್ತೋ ಎಂದು ಓದುವುದೇ ನನ್ನ ಅನ್ನದ ವಿದ್ಯೆಯಾಗಿತ್ತು. ಆ ವಿದ್ಯೆಯ ಮೊದಲ ಪಾಠ, ಮುರಿದ ಮುಖವನ್ನು ಯಾರೂ ಮುಟ್ಟಬಾರದು, ತೊಳೆಯಬಾರದು, ಉಜ್ಜಬಾರದು ಎಂಬುದು. ಉಕ್ಕು ಸುಳ್ಳು ಹೇಳುವುದಿಲ್ಲ. ಅದರ ಮೇಲೆ ಬಳಿದದ್ದು ಹೇಳುತ್ತದೆ.

ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನೂ ತಿಳಿಸಿಬಿಡುತ್ತೇನೆ. ಕಳೆದ ಚಳಿಗಾಲದ ನಮ್ಮ ಕಾರ್ಯಕಾರಿ ಸಭೆಯ ಮುಂದೆ ಒಂದು ಸೂಚನೆ ಬಂತು. ಸದಸ್ಯರೊಬ್ಬರ ಊರಿನ ಪ್ರೌಢಶಾಲೆಗೆ ಖಡ್ಕಿಯ ಡಿಪೋದಿಂದ ಸೇವಾನಿವೃತ್ತ ಟ್ಯಾಂಕೊಂದನ್ನು ಕೊಡಿಸಲು ಅಲ್ಲಿಯ ಮಾಜಿ ಸೈನಿಕರು ಪ್ರಯತ್ನಿಸುತ್ತಿದ್ದಾರೆಂದೂ, ಸಾಗಣೆಯ ವೆಚ್ಚದಲ್ಲಿ ಒಂದು ಪಾಲನ್ನೂ ಬಣ್ಣದ ಪೂರ್ಣ ವೆಚ್ಚವನ್ನೂ ನಮ್ಮ ಸಂಘ ವಹಿಸಬೇಕೆಂದೂ ಕೋರಿಕೆ. ಒಳ್ಳೆಯ ಕೋರಿಕೆಯೇ. ಆದರೆ ಸೂಚನೆಯ ಎರಡನೆಯ ಭಾಗದಲ್ಲಿ, ಟ್ಯಾಂಕಿನ ಮೈಮೇಲಿನ ಗಾಯ, ತೂತು, ಕಲೆಗಳನ್ನೆಲ್ಲ ತೆಗೆಸಿ, ಗೋಪುರದ ಸುತ್ತ ಹಳದಿ-ಕೆಂಪು ಪಟ್ಟಿ ಬರೆಸಬೇಕೆಂದಿತ್ತು. ನಾನು ಆಕ್ಷೇಪಿಸಿದೆ. ಹಿರಿಯರೊಬ್ಬರು ನಕ್ಕು, “ನಿಮಗ ತುಕ್ಕಂದ್ರ ಪ್ರೀತಿ ಬಿಡ್ರಿ, ಮಂದೀಗೆ ಚೆಂದ ಕಾಣೂದು ಬೇಕ್ರೀ” ಎಂದರು. ಸಭೆಯೂ ನಕ್ಕಿತು. ವಿಷಯವನ್ನು ಮುಂದಿನ ಸಭೆಗೆ ತಳ್ಳಲಾಗಿದೆ. ಆ ಸಭೆಗೆ ಮುನ್ನ ನನ್ನ ಆಕ್ಷೇಪವನ್ನು ಬರವಣಿಗೆಯಲ್ಲಿ ಇಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಟ್ಯಾಂಕಿನ ಗಾಯಗಳನ್ನು ಓದುವುದು ಹೇಗೆ? ಇದರಲ್ಲಿ ಮಾಯಮಂತ್ರವೇನಿಲ್ಲ. ಗಟ್ಟಿ ಉಕ್ಕಿನ ಗುಂಡು ಕವಚವನ್ನು ನೇರವಾಗಿ ಹೊಕ್ಕಲ್ಲಿ ದುಂಡನೆಯ ತೂತು ಬೀಳುತ್ತದೆ. ನಾದಿದ ಜೋಳದ ಹಿಟ್ಟಿಗೆ ಬೆರಳು ಚುಚ್ಚಿದಾಗ ಸುತ್ತ ತುಟಿ ಏಳುವಂತೆ ತೂತಿನ ಅಂಚು ಹೊರಕ್ಕೆ ಉಬ್ಬಿರುತ್ತದೆ. ಹಗುರ ಪೊರೆಯೊಳಗೆ ಗಟ್ಟಿ ತಿರುಳನ್ನಿಟ್ಟು ಹಾರಿಸುವ ಗುಂಡಾದರೆ ತೂತು ತೋಪಿನ ಬಾಯಿಗಿಂತ ಬಹಳ ಕಿರಿದಾಗಿರುತ್ತದೆ. ಗುಂಡು ಓರೆಯಾಗಿ ಬಡಿದು ಜಾರಿಹೋದರೆ ಬೆಣ್ಣೆಯ ಮೇಲೆ ಚಮಚೆ ಎಳೆದಂಥ ಉದ್ದನೆಯ ತೋಡು ಉಳಿಯುತ್ತದೆ. ಆ ತೋಡಿನ ಆಳ ಯಾವ ಕಡೆ ಆರಂಭವಾಗಿ ಯಾವ ಕಡೆ ಮಾಯವಾಗಿದೆಯೆಂದು ನೋಡಿದರೆ ಶತ್ರು ಎಲ್ಲಿ ನಿಂತಿದ್ದನೆಂದು ಬೊಟ್ಟುಮಾಡಿ ತೋರಿಸಬಹುದು.

ಇನ್ನೊಂದು ಜಾತಿಯ ಷೆಲ್ಲಿದೆ. ಅದರೊಳಗಿನ ಮೆತ್ತನೆಯ ಸ್ಫೋಟಕ ಗೋಡೆಗೆ ತಟ್ಟಿದ ಕುಳ್ಳಿನಂತೆ ಕವಚದ ಮೇಲೆ ಹರಡಿಕೊಂಡು ಆಮೇಲೆ ಸಿಡಿಯುತ್ತದೆ. ಹೊರಗೆ ತೂತೇ ಇಲ್ಲ, ತಟ್ಟೆಯಂಥ ತಗ್ಗು ಮಾತ್ರ. ಒಳಗಡೆ ಉಕ್ಕಿನ ಪದರವೇ ಕಳಚಿ ಚೂರುಚೂರಾಗಿ ಕುಳಿತವರ ಮೇಲೆ ಎರಚಿರುತ್ತದೆ. ಹೊರಗಿನಿಂದ ನೋಡಿದವನು ಪೆಟ್ಟು ತಾಗಿಲ್ಲವೆನ್ನುತ್ತಾನೆ. ಒಳಗೆ ಇಣುಕಿದವನು ಮಾತಾಡಲಾರ. ಟ್ಯಾಂಕು ಹೊತ್ತಿ ಉರಿದಿತ್ತೇ ಎಂಬುದನ್ನೂ ಹೇಳಬಹುದು. ಬೆಂಕಿಯಲ್ಲಿ ಬೆಂದ ಉಕ್ಕು ತನ್ನ ಗಡಸುತನ ಕಳೆದುಕೊಳ್ಳುತ್ತದೆ. ಪ್ಯಾಟನ್‌ನಂಥ ಟ್ಯಾಂಕುಗಳ ಭಾರ ಹೊರುವ ತಿರುಚು-ಸಲಾಕೆಗಳು ಕಾದು ಸೋತು, ಟ್ಯಾಂಕು ಹೊಟ್ಟೆಯನ್ನು ನೆಲಕ್ಕಿಳಿಸಿ ಕುಳಿತುಬಿಡುತ್ತದೆ. ಕೈಯಲ್ಲಿ ಹಿಡಿಯುವ ಗಡಸುಮಾಪಕವೊಂದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಮೂವತ್ತು ಪದರ ಎಣ್ಣೆಬಣ್ಣದ ಮೇಲೆ ಆ ಉಪಕರಣವನ್ನಿಟ್ಟು ಪ್ರಯೋಜನವಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕತೆ ಹೇಳುವುದು ಎಲ್ಲಕ್ಕಿಂತ ಸಣ್ಣ ತೂತು. ತಾಮ್ರದ ಲಾಳಿಕೆಯನ್ನು ಸ್ಫೋಟದ ಒತ್ತಡದಿಂದ ಹಿಂಡಿ ಸೂಜಿಯಂಥ ಲೋಹಧಾರೆಯಾಗಿ ಚಿಮ್ಮಿಸುವ ಷೆಲ್ಲಿನ ಗುರುತು ಅದು. ಬೆರಳು ತೂರುವಷ್ಟು ರಂಧ್ರ, ಸುತ್ತ ಸಿಡಿದ ಚುಕ್ಕೆಗಳ ನಕ್ಷತ್ರ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣ ಭಾಗದ ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ನಡೆದ ಕಾಳಗದಲ್ಲಿ ನಾಲ್ಕನೆಯ ಗ್ರೆನೇಡಿಯರ್ಸ್ ಪಡೆಯ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂಡಿಸಿದ 106 ಮಿಲಿಮೀಟರಿನ ತೋಪಿನಿಂದ ಹೊಡೆದದ್ದು ಇಂಥ ಷೆಲ್ಲುಗಳನ್ನು. ಸೆಪ್ಟೆಂಬರ್ 10ರಂದು ಆತ ಮಡಿದ. ಮರಣೋತ್ತರ ಪರಮವೀರ ಚಕ್ರ ಸಂದಿತು. ಆತ ಕೆಡವಿದ ಪ್ಯಾಟನ್‌ಗಳೆಷ್ಟು ಎಂಬ ಬಗ್ಗೆ ಒಂದು ಬರಹ ಒಂದು ಸಂಖ್ಯೆ ಹೇಳುತ್ತದೆ, ಇನ್ನೊಂದು ಇನ್ನೊಂದನ್ನು. ಸೆರೆಸಿಕ್ಕ ಟ್ಯಾಂಕುಗಳನ್ನೆಲ್ಲ ಭಿಖೀವಿಂಡಿನ ಬಳಿ ಸಾಲುಗಟ್ಟಿ ನಿಲ್ಲಿಸಿ, ಜನ ಅದಕ್ಕೆ ಪ್ಯಾಟನ್ ನಗರವೆಂದು ಹೆಸರಿಟ್ಟಿದ್ದರು. ಅಂದು ಒಬ್ಬ ಗುಮಾಸ್ತ ಒಂದು ವಹಿ ಹಿಡಿದು, ಯಾವ ಟ್ಯಾಂಕಿನ ಮೈಮೇಲೆ ಎಲ್ಲೆಲ್ಲಿ ಎಂಥ ತೂತಿದೆ ಎಂದು ಬರೆದಿಟ್ಟು, ಆ ವಹಿ ಟ್ಯಾಂಕಿನೊಡನೆಯೇ ಊರೂರಿಗೆ ಹೋಗಿದ್ದರೆ ಇವತ್ತು ಈ ವಾದಕ್ಕೆ ಆಸ್ಪದವಿರುತ್ತಿರಲಿಲ್ಲ. ಪ್ಯಾಟನ್‌ಗಳು ಮಾತ್ರ ದೇಶದ ಊರೂರಿಗೆ ವಿಜಯದ ಕುರುಹಾಗಿ ಹಂಚಿಹೋದವು. ಬಣ್ಣಗಾರ ಮೊದಲು ಮುಚ್ಚುವುದು ಈ ಬೆರಳಗಲದ ತೂತನ್ನೇ, ಏಕೆಂದರೆ ಮುಚ್ಚುವುದು ಅತ್ಯಂತ ಸುಲಭ. ದೊಡ್ಡ ತೋಡುಗಳಲ್ಲಿ ಪುಟ್ಟಿ ನಿಲ್ಲುವುದಿಲ್ಲವಾದ್ದರಿಂದ ಅವು ಉಳಿದುಕೊಳ್ಳುತ್ತವೆ. ಹೀಗಾಗಿ ಗುಂಡು ಒಳಹೋಗದೆ ಜಾರಿದ್ದಕ್ಕೆ ಪುರಾವೆ ಉಳಿಯಿತು. ಜೀಪಿನಲ್ಲಿ ಕುಳಿತು ಟ್ಯಾಂಕನ್ನು ಎದುರಿಸಿದವನ ಪುರಾವೆ ಹೋಯಿತು.

ತೂತೇ ಇಲ್ಲದ ಟ್ಯಾಂಕೂ ಮಾತಾಡುತ್ತದೆ ಎಂಬುದನ್ನು ಮರೆಯಬಾರದು. ಅಸಲ್ ಉತ್ತರ್‌ನಲ್ಲಿ ನಮ್ಮ ಸೇನೆ ಕಾಲುವೆಯ ನೀರನ್ನು ಹೊಲಗಳಿಗೆ ಬಿಟ್ಟಿತ್ತು. ಸುಮಾರು 45 ಟನ್ನಿನ ಪ್ಯಾಟನ್‌ಗಳು ಕಬ್ಬಿನ ಗದ್ದೆಯ ಕೆಸರಿನಲ್ಲಿ ಎಮ್ಮೆಗಳಂತೆ ಹೂತು ನಿಂತವು. ಹಲವನ್ನು ಬಿಟ್ಟು ಸಿಬ್ಬಂದಿ ಇಳಿದು ಓಡಿದರು. ಅಂಥ ಟ್ಯಾಂಕಿನ ಕಟ್ಟೆಯ ಮೇಲೆ ‘ನಮ್ಮ ವೀರರು ಧ್ವಂಸಗೊಳಿಸಿದ್ದು’ ಎಂಬ ಫಲಕ ನಿಲ್ಲಿಸಿದರೆ ಅದು ಸುಳ್ಳು, ಮಾತ್ರವಲ್ಲ, ಅವಮಾನ. ನೀರು ಬಿಡುವ ಬುದ್ಧಿ ಹೊಳೆದವನ ಜಾಣ್ಮೆಗೂ, ಆ ಕೆಸರಿಗೂ, ಆ ಕಬ್ಬು ಬೆಳೆದ ರೈತನ ನಷ್ಟಕ್ಕೂ ಸಲ್ಲಬೇಕಾದ ಮಾತನ್ನು ಕಸಿದುಕೊಂಡಂತೆ.

ಇನ್ನು ನಮ್ಮ ಪುಣೆಗೇ ಸೇರಿದ ಕತೆ. ಎರಡನೆಯ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹುಟ್ಟಿದ್ದು 1950ರ ಅಕ್ಟೋಬರ್ 14ರಂದು, ಇದೇ ಪುಣೆಯಲ್ಲಿ. ಸೇರಿದ ದಳದ ಹೆಸರೂ ಪೂನಾ ಹಾರ್ಸ್. 1971ರ ಡಿಸೆಂಬರ್ 16ರಂದು ಬಸಂತರ್ ನದಿಯಾಚೆ ಜರ್ಪಾಲದಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಪೆಟ್ಟುತಿಂದು ಹೊತ್ತಿಕೊಂಡ ಟ್ಯಾಂಕನ್ನು ಬಿಟ್ಟು ಬಾ ಎಂದು ರೇಡಿಯೋದಲ್ಲಿ ಬಂದ ಆಜ್ಞೆಯನ್ನು, ತೋಪು ಇನ್ನೂ ನಡೆಯುತ್ತಿದೆಯೆಂಬ ಕಾರಣಕ್ಕೆ ಒಪ್ಪದೆ ಹೋರಾಡಿ ಮಡಿದ. ‘ಫಾಮಗುಸ್ತಾ’ ಎಂಬ ಹೆಸರಿನ ಆ ಸೆಂಚೂರಿಯನ್ ಟ್ಯಾಂಕು ದುರಸ್ತಿಗೊಂಡು ಅಹಮದನಗರದ, ಅಂದರೆ ಈಗಿನ ಅಹಿಲ್ಯಾನಗರದ, ಆರ್ಮರ್ಡ್ ಕೋರ್ ಕೇಂದ್ರದಲ್ಲಿ ಸುರಕ್ಷಿತವಾಗಿದೆ. ಅದೇ ಊರಿನಲ್ಲಿ 1994ರಲ್ಲಿ ಜನರಲ್ ಬಿ. ಸಿ. ಜೋಶಿಯವರು ತೆರೆದ ಟ್ಯಾಂಕು ಸಂಗ್ರಹಾಲಯವೂ ಇದೆ; ಸ್ಟುವರ್ಟ್, ಶೆರ್ಮನ್, ಚರ್ಚಿಲ್, ಪ್ಯಾಟನ್, ವಿಜಯಂತ ಮುಂತಾಗಿ ಒಂದು ಶತಮಾನದ ಉಕ್ಕು ಮರಗಳ ನೆರಳಿನಲ್ಲಿ ನಿಂತಿದೆ. ಪುಣೆಯಿಂದ ಮೂರು ಗಂಟೆಯ ಹಾದಿ. ಶಿರಡಿಗೆ ಹೋಗುವ ನಮ್ಮ ಬಸ್ಸುಗಳು ಅಲ್ಲಿ ಚಹಾಕ್ಕೆ ನಿಲ್ಲುತ್ತವೆ, ಸಂಗ್ರಹಾಲಯಕ್ಕೆ ನಿಲ್ಲುವುದಿಲ್ಲ.

2001ರಲ್ಲಿ ಅರುಣ್ ಅವರ ತಂದೆ ಬ್ರಿಗೇಡಿಯರ್ ಖೇತ್ರಪಾಲರು ಪಾಕಿಸ್ತಾನಕ್ಕೆ ಹೋದಾಗ, ಅವರನ್ನು ಮನೆಯಲ್ಲಿಟ್ಟು ಸತ್ಕರಿಸಿದ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೇರ್ ಅವರೇ, ನಿಮ್ಮ ಮಗನ ಎದುರು ಅಂದು ಹೋರಾಡಿದವನು ನಾನೇ, ನನ್ನ ಕೈಯಿಂದಲೇ ಆತ ಸತ್ತ ಎಂದು ತಿಳಿಸಿದ್ದು ಪ್ರಸಿದ್ಧ ಸಂಗತಿ. ಮೂವತ್ತು ವರ್ಷ ಒಬ್ಬನ ಎದೆಯಲ್ಲಿ ಉಳಿದ ಮಾತು ಅದು. ಆ ಮಾತಿಗೆ ಜೊತೆಯಾಗಿ ನಿಲ್ಲಬಲ್ಲದ್ದು ಉಕ್ಕಿನ ಮೇಲಿನ ಗುರುತು ಮಾತ್ರ. ದುರಸ್ತಿಯನ್ನು ನಾನು ಆಕ್ಷೇಪಿಸುವುದಿಲ್ಲ. ಸೇನೆಗೆ ತನ್ನ ವೀರನ ಟ್ಯಾಂಕನ್ನು ಎದ್ದುನಿಲ್ಲಿಸುವ ಹಕ್ಕಿದೆ. ಆದರೆ ಇಂಥ ಯಾವುದೇ ದುರಸ್ತಿಯಲ್ಲಿ ಯಾವುದು ಯುದ್ಧದ ಪೆಟ್ಟು, ಯಾವುದು ಕಾರ್ಯಾಗಾರದ ಬೆಸುಗೆ, ಯಾವ ತಗಡು ಮೂಲದ್ದು, ಯಾವುದು ಬದಲಿಸಿದ್ದು ಎಂಬ ಪಟ್ಟಿ ಟ್ಯಾಂಕಿನ ಪಕ್ಕದಲ್ಲಿಯೇ ನೋಡುವವನಿಗೆ ಸಿಗಬೇಕು. ಹಳೆಯ ಗ್ರಂಥವನ್ನು ಸಂಪಾದಿಸುವವನು ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನಲ್ಲ, ಅಷ್ಟೇ ಮರ್ಯಾದೆ ಉಕ್ಕಿಗೂ ಸಲ್ಲಲಿ.

ಎಲ್ಲ ತೂತುಗಳೂ ಯುದ್ಧದ್ದಲ್ಲವೆಂಬುದು ಮುಖ್ಯವಾದ ಮಾತು. ಸೆರೆಸಿಕ್ಕ ಟ್ಯಾಂಕನ್ನು ಗುಂಡಿನ ಬಲಾಬಲ ತಿಳಿಯಲು ಗುರಿಯಾಗಿ ನಿಲ್ಲಿಸಿ ಹೊಡೆಯುವುದು ಎಲ್ಲ ಸೈನ್ಯಗಳ ರೂಢಿ. ಪರೀಕ್ಷೆಯ ಹೊಡೆತಗಳು ಸಾಮಾನ್ಯವಾಗಿ ಒಂದೇ ಕಡೆ ಗುಂಪಾಗಿ, ಅಳೆದ ಕೋನದಲ್ಲಿ ಬೀಳುತ್ತವೆ. ಪ್ರತಿಯೊಂದಕ್ಕೂ ಸುತ್ತ ವೃತ್ತ ಬರೆದು ಅಂಕಿ ಹಾಕುವುದುಂಟು. ಯುದ್ಧದ ಹೊಡೆತಗಳಿಗೆ ಅಂಥ ಶಿಸ್ತಿಲ್ಲ. ಪಾಷಾಣದ ಶಸ್ತ್ರಾಸ್ತ್ರ ಸಂಶೋಧನಾಲಯದಲ್ಲಿ ಅರ್ಜುನ್ ಟ್ಯಾಂಕಿನ 120 ಮಿಲಿಮೀಟರಿನ ತೋಪು ರೂಪುಗೊಂಡಿತು. ಸುತಾರವಾಡಿಯ ಸ್ಫೋಟಕ ಸಂಶೋಧನಾಲಯದಲ್ಲಿ ಶತ್ರುವಿನ ಷೆಲ್ಲಿಗೆ ಎದುರು ಸಿಡಿಯುವ ಕವಚದ ಇಟ್ಟಿಗೆಗಳು ರೂಪುಗೊಂಡವು. ಇವು ನಮ್ಮ ಪುಣೆಯ ಹೆಮ್ಮೆಗಳು, ಇವುಗಳ ಹಿಂದೆ ಇರುವುದೂ ತೂತುಗಳನ್ನು ಓದುವ ವಿದ್ಯೆಯೇ. ಪರೀಕ್ಷೆಯ ತೂತನ್ನು ಯುದ್ಧದ ತೂತೆಂದು ತೋರಿಸುವುದು ಎಷ್ಟು ತಪ್ಪೋ, ಎರಡನ್ನೂ ಒಂದೇ ಪುಟ್ಟಿಯಿಂದ ಮುಚ್ಚುವುದು ಅಷ್ಟೇ ತಪ್ಪು.

ಬೇರೆಯವರು ಏನು ಮಾಡಿದ್ದಾರೆ ನೋಡೋಣ. ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿ 1943ರ ಏಪ್ರಿಲಿನಲ್ಲಿ ಟ್ಯುನೀಶಿಯದಲ್ಲಿ ಸಿಕ್ಕ 131ನೆಯ ಸಂಖ್ಯೆಯ ಜರ್ಮನ್ ಟೈಗರ್ ಇದೆ. ಅದನ್ನು ಮತ್ತೆ ಓಡುವಂತೆ ಮಾಡಿದರು, ಬಣ್ಣವನ್ನೂ ಬಳಿದರು. ಆದರೆ ತೋಪಿನ ಬುಡಕ್ಕೂ ಗೋಪುರಕ್ಕೂ ತಾಗಿ ಅದನ್ನು ತಿರುಗದಂತೆ ಜಾಮುಮಾಡಿದ ಗುಂಡುಗಳ ಗೀರುಗಳನ್ನು ಹಾಗೆಯೇ ಉಳಿಸಿಕೊಂಡರು. ಅದು ಸಿಕ್ಕಿದ ಸ್ಥಳ, ದಿನಗಳ ಬಗ್ಗೆ ದಶಕಗಳ ಕಾಲ ನಂಬಿಕೊಂಡಿದ್ದ ಕತೆಯನ್ನು, ಸೈನಿಕರ ನೆನಪು, ಹಳೆಯ ಚಿತ್ರಗಳು, ಮೈಮೇಲಿನ ಗಾಯಗಳು ಮೂರನ್ನೂ ಒಂದಕ್ಕೊಂದು ತಾಳೆನೋಡಿ ಅವರು ತಿದ್ದಿಕೊಂಡರು. ಆಸ್ಟ್ರೇಲಿಯದವರ ಬಳಿ, ಅರುಣ್ ಖೇತ್ರಪಾಲರ ಟ್ಯಾಂಕಿನ ಜಾತಿಯದೇ ಆದ ಸೆಂಚೂರಿಯನ್ ಒಂದಿದೆ. 1953ರ ಅಕ್ಟೋಬರ್ 15ರಂದು ಎಮು ಫೀಲ್ಡ್‌ನಲ್ಲಿ ಅದನ್ನು ಅಣುಬಾಂಬಿನಿಂದ ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಹೊರಗಿನ ಹಗುರ ತಗಡುಗಳು ಕಿತ್ತುಹೋದರೂ ಅದು ಉಳಿಯಿತು. ಮುಂದೆ ವಿಯೆಟ್ನಾಮಿಗೂ ಹೋಗಿ 1969ರಲ್ಲಿ ರಾಕೆಟ್ ಗ್ರೆನೇಡಿನ ಪೆಟ್ಟನ್ನೂ ತಿಂದಿತು. ಪರೀಕ್ಷೆ ಮತ್ತು ಯುದ್ಧ ಎರಡರ ಚರಿತ್ರೆಯನ್ನೂ ಅದರ ಸಂಖ್ಯೆಯ ಸಮೇತ ಅವರು ಬರೆದಿಟ್ಟುಕೊಂಡಿದ್ದಾರೆ. ನಮ್ಮ ಕಟ್ಟೆಗಳ ಮೇಲಿನ ಎಷ್ಟು ಟ್ಯಾಂಕುಗಳ ಸಂಖ್ಯೆಯಾದರೂ ಬಣ್ಣದಡಿಯಿಂದ ಓದಲು ಬರುತ್ತದೆ?

ಗಾಯವನ್ನು ತೋರಿಸಿದರೆ ಸೈನಿಕರ ಮನೋಬಲ ಕುಗ್ಗುತ್ತದೆ, ನಮ್ಮದೇ ಟ್ಯಾಂಕಿನ ಮೈಯಲ್ಲಿ ತೂತು ಕಂಡರೆ ಸೋಲಿನಂತೆ ಕಾಣುತ್ತದೆ ಎಂಬುದು ಎದುರುವಾದ. ಇದನ್ನು ಕನ್ನಡಿಗನೊಬ್ಬ ಹೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ವೀರಗಲ್ಲುಗಳ ನಾಡಿನವರು ನಾವು. ಮರಾಠಿಗರು ‘ವೀರಗಳ’ ಎನ್ನುವಾಗ ಬಳಸುವುದು ನಮ್ಮದೇ ಪದವನ್ನು. ಕೊಲ್ಲಾಪುರ, ಸೊಲ್ಲಾಪುರದ ಕಡೆಯ ಹಳ್ಳಿಗಳ ಅಂಚಿನಲ್ಲಿ ಅವು ಇನ್ನೂ ನಿಂತಿವೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಶಿಲ್ಪಿ ಏನನ್ನು ಕೆತ್ತಿದ? ಕಾದಾಟವನ್ನು, ಮೈಗೆ ನಾಟಿದ ಬಾಣವನ್ನು, ಬಿದ್ದ ಕುದುರೆಯನ್ನು. ಸ್ವರ್ಗ ಮೇಲಿನ ಪಟ್ಟಿಕೆಯಲ್ಲಿ. ಗಾಯವನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ. ಬೇಗೂರಿನ ಕಲ್ಲಿನ ಮೇಲೆ ಇಡೀ ರಣರಂಗವೇ ಇದೆ. ಕ್ರಿ.ಶ. 949-50ರ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ಯೆಂಬ ನಾಯಿಯನ್ನು ನೆನೆಯುತ್ತದೆ, ಜೊತೆಗೇ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಬಿದ್ದ ಸಂಗತಿಯನ್ನೂ ಹೇಳುತ್ತದೆ. ಯಾವನೋ ಭಕ್ತ ಆ ಕಲ್ಲಿಗೆ ಸುಣ್ಣ ಬಳಿದು, ಅಕ್ಷರಗಳ ಗುಳಿಗೆ ಗಾರೆ ತುಂಬಿ ‘ಚೆಂದ’ ಮಾಡಿದ್ದರೆ ಕರ್ನಾಟಕದ ಇತಿಹಾಸದ ಒಂದು ಪುಟವೇ ಇರುತ್ತಿರಲಿಲ್ಲ. ಎಷ್ಟು ಗುಡಿಗಳ ಗೋಡೆಗಳ ಮೇಲೆ ಹಾಗೆ ಆಗಿಲ್ಲ!

ರೈಸ್ ಸಾಹೇಬರು ಮೈಸೂರು ಸೀಮೆಯ ಊರೂರು ಅಲೆದು, ಅವರ ಸಹಾಯಕರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಬಡಿದು ಅಚ್ಚೆತ್ತಿ, ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಉಳಿಸಿಕೊಟ್ಟರು. ಅಕ್ಷರದ ಗುಳಿಯೂ ಗುಂಡಿನ ಗುಳಿಯೂ ಅಚ್ಚೆತ್ತುವವನ ಕಾಗದಕ್ಕೆ ಒಂದೇ. ಟ್ಯಾಂಕಿನ ಗಾಯಗಳಿಗೂ ಅದೇ ವಿಧಾನದಲ್ಲಿ ಅಚ್ಚೆತ್ತಬಹುದು. ಜೊತೆಗೆ ಅಳತೆಪಟ್ಟಿಯಿಟ್ಟು ಛಾಯಾಚಿತ್ರ ತೆಗೆದರೆ ಕೆಲಸ ಮುಗಿಯಿತು.

ತುಕ್ಕು ಹಿಡಿಯುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಪುಣೆಯ ಮಳೆಗಾಲವನ್ನು ಬಲ್ಲವನು ಅದನ್ನು ತಳ್ಳಿಹಾಕಲಾರ. ಆದರೆ ಟ್ಯಾಂಕನ್ನು ಕೊಲ್ಲುವುದು ಹೊರಗಿನ ತೂತಲ್ಲ, ಒಳಗೆ ನಿಂತ ನೀರು. ಹೊಟ್ಟೆಯ ಕೆಳಗಿನ ಬಿರಡೆಯನ್ನು ತೆಗೆದು ನೀರು ಹರಿಯುವಂತೆ ಮಾಡಿ, ಮೇಲೊಂದು ತಗಡಿನ ಮಾಡು ಹಾಕಿ, ಗಾಯದ ಜಾಗದಲ್ಲಿ ಬಣ್ಣದ ಬದಲು ಸಡಿಲ ತುಕ್ಕನ್ನು ಮೆದುವಾಗಿ ತೆಗೆದು ಮೇಣದ ತೆಳುಲೇಪ ಕೊಟ್ಟರೆ ಸಾಕು. ಉಳಿದ ಮೈಗೆ ಬೇಕಾದರೆ ಬಣ್ಣ ಬಳಿಯಲಿ, ಹಳೆಯ ಪದರವನ್ನು ಉಜ್ಜಿ ತೆಗೆಯದೆ ಬಳಿಯಲಿ; ದಳದ ಚಿಹ್ನೆಗಳು, ಹಳೆಯ ಅಂಕಿಗಳು ಆ ಪದರಗಳ ನಡುವೆ ಮಲಗಿರುತ್ತವೆ. ಒಮ್ಮೆ ಈ ನಗರದ ಒಂದು ಸಂಸ್ಥೆಯ ಆವರಣದಲ್ಲಿ, ಗಣರಾಜ್ಯ ದಿನಕ್ಕೆ ಎರಡು ದಿನ ಮುಂಚೆ, ಬಣ್ಣದ ಹುಡುಗನೊಬ್ಬ ಪ್ಯಾಟನ್ನಿನ ಪಕ್ಕೆಯ ತೂತಿಗೆ ಪುಟ್ಟಿ ಒತ್ತುತ್ತಿರುವುದನ್ನು ಕಂಡು ಮೇಲ್ವಿಚಾರಕರನ್ನು ವಿಚಾರಿಸಿದೆ. “ಸಾಹೇಬ, ಪಾಹುಣೆ ಯೇಣಾರ” ಎಂದರು. ಅತಿಥಿಗಳು ಬರುವವರಿದ್ದಾರಂತೆ. ತೂತನ್ನು ನೋಡಲೆಂದೇ ಬರಬೇಕಾದ ಅತಿಥಿಗಳಿಂದ ತೂತನ್ನು ಮರೆಮಾಡುವ ಸಡಗರ! ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನು ದಿನಗೂಲಿಗೆ ಕೆಲಸ ಮಾಡುವವನು, ಕೆಲಸ ಅಚ್ಚುಕಟ್ಟಾಗಿಯೇ ಇತ್ತು.

ಕೊನೆಯ ಎದುರುವಾದ, ಕನ್ನಡ ಸಂಘಕ್ಕೂ ಟ್ಯಾಂಕಿಗೂ ಏನು ಸಂಬಂಧ ಎಂಬುದು. ಸಂಬಂಧ ಬೇಕೆಂದವರಿಗೆ 1948ರ ನವೆಂಬರ್ 1ನ್ನು ನೆನಪಿಸುತ್ತೇನೆ. ನಮ್ಮ ರಾಜ್ಯೋತ್ಸವದ ದಿನಾಂಕವೇ, ಎಂಟು ವರ್ಷ ಮುಂಚೆ. ಅಂದು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಯಲ್ಲಿ ಕೊಡಗಿನ ತಿಮ್ಮಯ್ಯನವರು ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಮೇಲೆ ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದರು. ಗೋಪುರಗಳನ್ನು ಬಿಚ್ಚಿ, ಟಾರ್ಪಾಲು ಹೊದಿಸಿ, ಗುಟ್ಟಾಗಿ ಸಾಗಿಸಿದ ಟ್ಯಾಂಕುಗಳವು. ಹೇಸರಗತ್ತೆಯ ಹಾದಿಯನ್ನು ಟ್ಯಾಂಕು ಹತ್ತುವ ಹಾದಿಯಾಗಿ ಕಡಿದುಕೊಟ್ಟವರು ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್. ಬಸಂತರ್‌ನಲ್ಲಿ ಪೂನಾ ಹಾರ್ಸ್ ದಾಟುವಂತೆ ನೆಲಬಾಂಬುಗಳ ನಡುವೆ ದಾರಿ ತೆರೆದವರಲ್ಲಿಯೂ ಅವರ ರೆಜಿಮೆಂಟೊಂದಿತ್ತು. ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಕೇಂದ್ರ ಬೆಳಗಾವಿಯಲ್ಲಿದೆ. ಗಡಿಯ ಬಗ್ಗೆ ಕೂಗಾಡುವ ಎರಡೂ ಕಡೆಯವರು ಆ ದಳದ ಹಾಜರಿಪಟ್ಟಿಯಲ್ಲಿನ ಅಡ್ಡಹೆಸರುಗಳನ್ನೊಮ್ಮೆ ಓದಿದರೆ ಒಳ್ಳೆಯದು.

ಮಡಿಕೇರಿಯ ‘ಸನ್ನಿ ಸೈಡ್’, ತಿಮ್ಮಯ್ಯನವರ ಮನೆ, 2021ರ ಫೆಬ್ರವರಿ 6ರಂದು ಸಂಗ್ರಹಾಲಯವಾಗಿ ತೆರೆಯಿತು. ಅದರ ಅಂಗಳದಲ್ಲಿ ಟಿ-55 ಟ್ಯಾಂಕೊಂದು ನಿಂತಿದೆ. ಅದು ಹೋದದ್ದು ನಮ್ಮ ಖಡ್ಕಿಯಿಂದ. ಸಂತೋಷದ ವಿಷಯ. ಆದರೆ ಟಿ-55 ತಯಾರಾಗತೊಡಗಿದ್ದೇ 1950ರ ದಶಕದ ಕೊನೆಯಲ್ಲಿ. ಜೋಜಿಲಾ ಹತ್ತಿದ ಸ್ಟುವರ್ಟಿಗೂ ಅದಕ್ಕೂ ಗಾತ್ರದಲ್ಲಿ ಕುರಿಗೂ ಕೋಣಕ್ಕೂ ಇರುವ ಅಂತರ. ನೋಡಲು ಬಂದ ಶಾಲೆಯ ಹುಡುಗ ಇದೇ ಟ್ಯಾಂಕು ಹಿಮ ಹತ್ತಿತೆಂದು ತಿಳಿದು ಮನೆಗೆ ಹೋಗಬಾರದಲ್ಲವೇ? ಖಡ್ಕಿಯಿಂದ ಹೊರಡುವ ಪ್ರತಿ ಟ್ಯಾಂಕಿನೊಡನೆ ಅದರದೇ ಕತೆ ಹೋಗಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಘೋರ್ಪಡಿಯಲ್ಲಿ 1998ರಲ್ಲಿ ಎದ್ದ ದಕ್ಷಿಣ ಕಮಾಂಡಿನ ಯುದ್ಧಸ್ಮಾರಕ ಪುಣೆಯ ನಾಗರಿಕರ ದೇಣಿಗೆಯಿಂದ ಆದದ್ದು. ದೇಣಿಗೆ ಕೊಡುವ ನಾಗರಿಕನಿಗೆ, ಕೊಟ್ಟದ್ದು ಪುಟ್ಟಿಗೆ ಹೋಗದಂತೆ ನೋಡಿಕೊಳ್ಳುವ ಹಕ್ಕೂ ಇದೆ.

ಆದುದರಿಂದ ಮುಂದಿನ ಕಾರ್ಯಕಾರಿ ಸಭೆಯಲ್ಲಿ ನಾನು ಮಂಡಿಸಲಿರುವ ತಿದ್ದುಪಡಿ ಹೀಗಿದೆ. ಶಾಲೆಗೆ ಹೋಗುವ ಟ್ಯಾಂಕಿನ ಸಾಗಣೆಗೆ ಸಂಘ ಹಣ ಕೊಡಲಿ. ಬಣ್ಣದ ಹಣವನ್ನು ಒಂದು ಮಾಡಿಗೂ ಒಂದು ಫಲಕಕ್ಕೂ ತಿರುಗಿಸಲಿ. ಟ್ಯಾಂಕು ಡಿಪೋ ಬಿಡುವ ಮುನ್ನ ಅದರ ಸಂಖ್ಯೆ, ಸೇವೆ ಸಲ್ಲಿಸಿದ ದಳ, ಮೈಮೇಲಿನ ಪ್ರತಿಯೊಂದು ಗುರುತು ವಹಿಯಲ್ಲಿ ದಾಖಲಾಗಿ, ಆ ವಹಿಯ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿಯೂ ಇನ್ನೊಂದು ನಮ್ಮ ಸಂಘದಲ್ಲಿಯೂ ಇರಲಿ. ಗುರುತುಗಳಿಗೆ ಪುಟ್ಟಿಯಾಗಲಿ ಹಳದಿ-ಕೆಂಪಾಗಲಿ ತಾಗಕೂಡದು. ನಮ್ಮ ಬಾವುಟಕ್ಕೆ ಶಾಲೆಯ ಕಂಬವಿದೆ. ಗಾಯವೇ ಇಲ್ಲದ ಟ್ಯಾಂಕು ಬಂದರೆ ಫಲಕದಲ್ಲಿ ಹಾಗೆಯೇ ಬರೆಯಲಿ, ಯುದ್ಧವನ್ನೇ ಕಾಣದೆ ಕವಾಯತಿನಲ್ಲಿ ಮುದಿಯಾದದ್ದೆಂದು, ಅದರಲ್ಲಿ ನಾಚಿಕೆಯೇನಿದೆ?

ವಹಿ ಬರೆಯುವ ಕೆಲಸಕ್ಕೆ ನಾನೂ ನನ್ನ ಇಬ್ಬರು ಹಳೆಯ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ. ಅಳತೆಪಟ್ಟಿ, ಅಚ್ಚೆತ್ತುವ ಕಾಗದ, ಗಡಸುಮಾಪಕ ನಮ್ಮಲ್ಲಿವೆ. ಒಳಹೋಗಲು ಬೇಕಾದ ಅನುಮತಿಗಾಗಿ ಸಂಘದ ಮುದ್ರೆಯುಳ್ಳ ಪತ್ರವೊಂದು ಬೇಕು. ಓದುಗರಲ್ಲಿ ಖಡ್ಕಿಯ ಡಿಪೋದಲ್ಲಿಯೋ ಕಾರ್ಯಾಗಾರದಲ್ಲಿಯೋ ಕೆಲಸ ಮಾಡಿದ ಹಿರಿಯರು ಅನೇಕರಿರುವರು. ಯಾವ ಟ್ಯಾಂಕು ಯಾವ ಊರಿಗೆ ಹೋಯಿತು, ಹೋಗುವಾಗ ಅದರ ಮೈಮೇಲೆ ಏನಿತ್ತು, ಯಾವ ತೂತನ್ನು ಯಾರ ಆಜ್ಞೆಯ ಮೇರೆಗೆ ಮುಚ್ಚಿದಿರಿ ಎಂಬುದು ನೆನಪಿದ್ದವರು ದಯವಿಟ್ಟು ಸಂಘದ ಕಚೇರಿಗೆ ಬರೆದು ತಿಳಿಸಬೇಕು. ಹೆಸರು ಹಾಕಲು ಸಂಕೋಚವಿದ್ದರೆ ಹಾಕುವುದು ಬೇಡ. ಕನ್ನಡ ಬರವಣಿಗೆಯ ರೂಢಿ ತಪ್ಪಿದವರು ಮರಾಠಿಯಲ್ಲಿಯೇ ಬರೆದರೂ ನಡೆಯುತ್ತದೆ.